ಬಿಚ್ಚಿಕೊಳ್ಳುವ ಉಂಗುರ

ಗಿಡಮರಗಳಿಂದ ಬಂದ ಕ್ಯಾನ್ಸರ್ ಔಷಧಿಗಳ ಚರಿತ್ರೆಯನ್ನು ಸಾಮಾನ್ಯವಾಗಿ ಗೆಲುವಿನ ಕಡೆಯಿಂದಲೇ ಹೇಳುತ್ತಾರೆ. ಕ್ಯಾಂಪ್ಟೊಥೆಸಿನ್ ವಿಷಯದಲ್ಲಿ ನನಗೆ ಅದರ ಸೋಲೇ ಹೆಚ್ಚು ಕುತೂಹಲದ್ದು.

ಚೀನೀಯರು ‘ಸಂತೋಷದ ಮರ’ ಎನ್ನುವ ಮರದಿಂದ 1966ರಲ್ಲಿ ಇದನ್ನು ಬೇರ್ಪಡಿಸಿದವರು ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದ ಮನ್‌ಸುಖ್ ವಾಣಿ ಹಾಗೂ ಸಂಗಡಿಗರು. ವಾಲ್ ಮೊದಲು ಹುಡುಕುತ್ತಿದ್ದದ್ದು ಕಾರ್ಟಿಸೋನ್ ತಯಾರಿಕೆಗೆ ಬೇಕಾದ ಕಚ್ಚಾವಸ್ತುವನ್ನು. ಕ್ಯಾನ್ಸರ್ ಅವರ ದಾರಿಗೆ ಅಡ್ಡ ಬಂದದ್ದು.

ಸಿಕ್ಕಿದ ವಸ್ತು ನೀರಿನಲ್ಲಿ ಕರಗಲಿಲ್ಲ. ಕರಗಲೆಂದು ಅದರ ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ಟರು. ಲವಣವಾಗುವಾಗ ಅಣುವಿನ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಔಷಧಿಯ ಬಲವಿರುವುದು ಆ ಉಂಗುರದಲ್ಲೇ! ಗುಣ ಕಡಿಮೆ, ಕಷ್ಟ ಹೆಚ್ಚು: ಭೇದಿ, ಮೂತ್ರಕೋಶದಲ್ಲಿ ರಕ್ತಸ್ರಾವ, ರಕ್ತಕಣಗಳ ಕುಸಿತ. 1970ರ ದಶಕದಲ್ಲಿ ಅಮೆರಿಕದ ಪ್ರಯೋಗಗಳು ನಿಂತವು. ಚೀನಾದ ವೈದ್ಯರು ಕೈಬಿಡಲಿಲ್ಲ; ಇದರ ಸಂಬಂಧಿಯಾದ ಹೈಡ್ರಾಕ್ಸಿಕ್ಯಾಂಪ್ಟೊಥೆಸಿನ್ನನ್ನು ಯಕೃತ್ತಿನ ಕ್ಯಾನ್ಸರಿಗೂ ಬಳಸಿದರು.

ಇದು ಕೊಲ್ಲುವುದು ಹೇಗೆಂದು 1985ರಲ್ಲಿ ಲೆರಾಯ್ ಲಿಯು ಅವರ ತಂಡ ತೋರಿಸಿತು. ಹುರಿ ಬಿಗಿದ ಡಿಎನ್‌ಎಯ ಒಂದು ಎಳೆಯನ್ನು ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಜೋಡಿಸುವ ಕಿಣ್ವ ಟೊಪೊಐಸೊಮರೇಸ್-1. ಕ್ಯಾಂಪ್ಟೊಥೆಸಿನ್ ಆ ಸೀಳಿನಲ್ಲಿ ಬೆಣೆಯಂತೆ ಕೂತು ಜೋಡಣೆ ತಡೆಯುತ್ತದೆ. ಡಿಎನ್‌ಎ ನಕಲಾಗುತ್ತಾ ಬರುವ ಯಂತ್ರ ಅಲ್ಲಿ ಡಿಕ್ಕಿ ಹೊಡೆದಾಗ ಎರಡೂ ಎಳೆ ತುಂಡಾಗುತ್ತವೆ. ಹಾಗಾದರೆ ಮರವೇ ಏಕೆ ಸಾಯುವುದಿಲ್ಲ? ಅದರ ಕಿಣ್ವದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದೆ. ಈ ಔಷಧಿಗೆ ಬಗ್ಗದ ಮನುಷ್ಯರ ಕ್ಯಾನ್ಸರ್ ಕೋಶಗಳಲ್ಲೂ ಅದೇ ಬದಲಾವಣೆ ಕಂಡಿದೆ ಎಂದು 2008ರಲ್ಲಿ ಜಪಾನಿನ ವಿಜ್ಞಾನಿಗಳು ವರದಿ ಮಾಡಿದರು.

ನಾನು ಕೆಲಸ ಮಾಡುವುದು ಹೆಪ್-ಜಿ2 ಕೋಶಗಳ ಮೇಲೆ. ಹದಿನೈದು ವರ್ಷದ ಹುಡುಗನೊಬ್ಬನ ಯಕೃತ್ತಿನ ಗಡ್ಡೆಯಿಂದ 1970ರ ದಶಕದಲ್ಲಿ ಬಂದವು. ಯಾವ ಗಿಡದ ಸಾರವಾದರೂ ಸರಿ, ತಟ್ಟೆಯಲ್ಲಿ ಇವನ್ನು ಕೊಂದರೆ ಪತ್ರಿಕೆಗಳಲ್ಲಿ ‘ಯಕೃತ್ತಿನ ಕ್ಯಾನ್ಸರಿಗೆ ಮದ್ದು’ ಎಂಬ ಸುದ್ದಿ ಬರುತ್ತದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ರಕ್ತದಲ್ಲಿ ಆ ಉಂಗುರ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಅಣುವನ್ನು ಆಲ್ಬುಮಿನ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಆಲ್ಬುಮಿನ್ ತಯಾರಾಗುವುದೇ ಯಕೃತ್ತಿನಲ್ಲಿ. ಇದರಿಂದ ಹುಟ್ಟಿದ ಟೊಪೊಟೆಕಾನ್, ಇರಿನೊಟೆಕಾನ್‌ಗಳಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ಅಂಡಾಶಯದ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿಗೆ.

1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಇದೇ ವಸ್ತುವನ್ನು ನಮ್ಮ ಪಶ್ಚಿಮಘಟ್ಟದ ಮರವೊಂದರಲ್ಲಿ ಕಂಡರು. ಆಗಿನ ಸಸ್ಯಶಾಸ್ತ್ರೀಯ ಹೆಸರು ಮಾಪಿಯಾ ಫೀಟಿಡಾ, ಅಂದರೆ ನಾರುವ ಮರ. ಹೂವಿನ ವಾಸನೆ ಹಾಗಿದೆ. ಈಗಿನ ಹೆಸರು ನೋಥಪೊಡೈಟಿಸ್. ಔಷಧಿ ಹೆಚ್ಚಾಗಿರುವುದು ತೊಗಟೆಯಲ್ಲಿ, ಬೇರಿನಲ್ಲಿ. ಹಾಗಾಗಿ ಎಲೆ ಕಿತ್ತು ಬಿಡುವವರಿಲ್ಲ. ಬುಡಸಮೇತ ಕಡಿದರು, ಘಟ್ಟದ ಎಷ್ಟೋ ಕಡೆ ಮರ ವಿರಳವಾಯಿತು.