ಸೆಳವು ಹೊರಡುವ ಜಾಗ
ಮೂರ್ಛೆರೋಗವೆಂದರೆ ಇಡೀ ಮೈ ಸೆಟೆದು ಎಚ್ಚರ ತಪ್ಪುವುದೇ ಎಂಬ ನಂಬಿಕೆಯನ್ನು ಸಡಿಲಿಸಿದ್ದು ಹಾಸಿಗೆಯ ಪಕ್ಕದ ತಾಳ್ಮೆಯ ನೋಟ. ಲಂಡನ್ನಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ 1860ರ ದಶಕದಲ್ಲಿ ಸೆಳವು ಮೊದಲು ಕಾಣಿಸುವ ಜಾಗವನ್ನು ಗಮನಿಸಿದರು: ಹೆಬ್ಬೆರಳು, ಬಾಯಿಯ ಅಂಚು, ಕಾಲ್ಬೆರಳು. ಅಲ್ಲಿಂದ ಅದು ಒಂದೇ ಬದಿಯಲ್ಲಿ ಕ್ರಮವಾಗಿ ಹಬ್ಬುತ್ತಿತ್ತು. ಎಷ್ಟೋ ಬಾರಿ ರೋಗಿಗೆ ಎಚ್ಚರವಿರುತ್ತಿತ್ತು. ಹಾಗಾದರೆ ಮೂಲವು ಮಿದುಳಿನ ಎದುರು ಬದಿಯ ಒಂದು ಭಾಗದಲ್ಲಿರಬೇಕೆಂದು ಅವರು ತರ್ಕಿಸಿದರು. ಫ್ರಾನ್ಸಿನ ವೈದ್ಯ ಬ್ರಾವೇ 1827ರಲ್ಲೇ ಇಂಥ ಸೆಳವನ್ನು ವರ್ಣಿಸಿದ್ದರಲ್ಲ ಎನ್ನಬಹುದು. ನಿಜ, ಆದರೆ ವರ್ಣನೆಯಿಂದ ಕಾರಣಕ್ಕೆ ದಾಟಿದ್ದು ಜಾಕ್ಸನ್. 1870ರಲ್ಲಿ ಸಂಶೋಧಕರಾದ ಫ್ರಿಟ್ಷ್ ಮತ್ತು ಹಿಟ್ಜಿಗ್ ನಾಯಿಯ ಮಿದುಳಿಗೆ ವಿದ್ಯುತ್ ಹಾಯಿಸಿ ಎದುರು ಬದಿಯ ಸ್ನಾಯುಗಳನ್ನು ಅಲುಗಿಸಿದಾಗ ಆ ತರ್ಕಕ್ಕೆ ಬಲ ಬಂತು. ಇಲ್ಲದ ವಾಸನೆ, ಕನಸಿನಂಥ ಮಂಪರು ಕೂಡ ಸೆಳವೇ ಎಂದು ಜಾಕ್ಸನ್ ಮುಂದೆ ಗುರುತಿಸಿದ್ದು ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡ ಉಪಕಾರ. 2017ರ ಅಂತರರಾಷ್ಟ್ರೀಯ ವರ್ಗೀಕರಣವೂ ಅದೇ ದಾರಿಯಲ್ಲಿ ಕೇಳಿತು: ಸೆಳವು ಎಲ್ಲಿ ಹುಟ್ಟಿತು, ಅರಿವು ಉಳಿದಿತ್ತೇ, ಮೊದಲು ಕಂಡದ್ದು ಚಲನೆಯೇ?