ಗದ್ದಲದೊಳಗಿನ ದನಿ

ನಮ್ಮ ಗೋರಂಟ್ಲದ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಹಾರನ್ನು, ಕಂಡಕ್ಟರಿನ ಕೂಗು, ಹಣ್ಣಿನ ಗಾಡಿಯ ಮೈಕು. ಇಷ್ಟರ ನಡುವೆ ಯಾರಾದರೂ ಹೆಸರು ಹಿಡಿದು ಕರೆದರೆ ತಟ್ಟನೆ ತಿರುಗುತ್ತೇವೆ. ಕಿವಿಗೆ ಇದು ಹೇಗೆ ಸಾಧ್ಯ? ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ.

ಇದಕ್ಕೆ ತಲೆ ಕೆಡಿಸಿಕೊಂಡವರಲ್ಲಿ ಟೆಲಿಫೋನಿನವರು ಮುಂದು. ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ 1940ರಲ್ಲಿ ಒಂದು ಮಾತು ತೋರಿಸಿಕೊಟ್ಟರು. ಒಂದು ಸ್ವರವನ್ನು ಮುಚ್ಚುವುದು ಸುತ್ತಲಿನ ಗದ್ದಲವೆಲ್ಲ ಅಲ್ಲ, ಅದರ ಶ್ರುತಿಗೆ ಹತ್ತಿರದ ಗದ್ದಲ ಮಾತ್ರ. ಕಿವಿಯೊಳಗೆ ಜರಡಿಗಳ ಸಾಲೇ ಇದೆ ಅನ್ನಿ.

1953ರಲ್ಲಿ ಇಂಗ್ಲೆಂಡಿನ ಕಾಲಿನ್ ಚೆರಿ ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿ, ಒಂದನ್ನು ಕೇಳಿದಂತೆಯೇ ಒಪ್ಪಿಸಲು ಹೇಳಿದರು. ಜನ ಒಪ್ಪಿಸಿದರು. ಆದರೆ ಇನ್ನೊಂದು ಕಿವಿಯ ಮಾತು ಇಂಗ್ಲಿಷಿನಿಂದ ಜರ್ಮನ್‌ಗೆ ಹೊರಳಿದ್ದೂ ಅವರಿಗೆ ತಿಳಿಯಲಿಲ್ಲ. ಅಂದರೆ ಕೇಳುವುದರಲ್ಲಿ ಗಮನದ ಪಾಲೂ ದೊಡ್ಡದು.

1984ರಲ್ಲಿ ಹಾಲ್, ಹ್ಯಾಗರ್ಡ್, ಫರ್ನಾಂಡಿಸ್ ಎಂಬ ಮೂವರು ಇನ್ನೊಂದನ್ನು ಕಂಡರು. ಗದ್ದಲವೆಲ್ಲ ಒಂದೇ ಲಯದಲ್ಲಿ ಏರಿ ಇಳಿದರೆ, ಅದರೊಳಗಿನ ಸಣ್ಣ ಸ್ವರ ಸುಲಭವಾಗಿ ಸಿಗುತ್ತದೆ. ಆದರೆ ಗದ್ದಲ ಹೇಗೆಂದರೆ ಹಾಗೆ ಬದಲಾದರೆ? 1987ರಲ್ಲಿ ನೆಫ್ ಮತ್ತು ಗ್ರೀನ್ ಅದನ್ನೇ ಪರೀಕ್ಷಿಸಿದರು. ಪ್ರತಿ ಸಲವೂ ಬದಲಾಗುವ ಕೆಲವೇ ಸ್ವರಗಳು ಸಾಕು, ಬೇಕಾದ ಸ್ವರ ಕೈತಪ್ಪಿಹೋಗುತ್ತದೆ. ಇಲ್ಲಿ ಕಿವಿಯದೇನೂ ತಪ್ಪಿಲ್ಲ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅನ್ನೋದು ಮನಸ್ಸಿಗೆ ಗೊತ್ತಾಗುವುದಿಲ್ಲ.

ಇದನ್ನು ಓದಿದಾಗ ನನಗೆ ಒಬ್ಬ ಹುಡುಗ ನೆನಪಾದ. ನಾನು ಮಾಸ್ತರಾಗಿದ್ದ ಕಾಲ. ರಸ್ತೆ ಕಡೆಯ ಕಿಟಕಿ, ಕೊನೆಯ ಬೆಂಚು. ಮನೆಯಲ್ಲಿ ಕನ್ನಡ, ಪಾಠ ತೆಲುಗಿನಲ್ಲಿ. ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ "ಏನಯ್ಯಾ, ಕಿವುಡನಾ?" ಅಂತ ಬೈದೆ, ತರಗತಿಯೆಲ್ಲ ನಕ್ಕಿತು. ತಾಯ್ನುಡಿಯಲ್ಲಿ ಅರ್ಧ ಪದ ಕೇಳಿದರೂ ಉಳಿದರ್ಧ ನಾವೇ ತುಂಬಿಕೊಳ್ಳುತ್ತೇವೆ. ಎರಡನೇ ನುಡಿಯಲ್ಲಿ ಅದು ಅಷ್ಟು ಸಲೀಸಲ್ಲ, ಗದ್ದಲದಲ್ಲಂತೂ ಇನ್ನೂ ಕಷ್ಟ. ಲಾರಿ ಹೋದಾಗಲೆಲ್ಲ ಅವನ ಪಾಠ ತುಂಡಾಗುತ್ತಿತ್ತು. ನಾನು ಅದನ್ನು ದಡ್ಡತನ ಅಂದುಕೊಂಡೆ.

ಕಿವಿಯದೇ ದೋಷವಿರಬಹುದು ಅನ್ನಿಸಿದರೆ ತಡಮಾಡದೆ ತೋರಿಸಬೇಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅದಕ್ಕೂ ಮೊದಲು ನಮ್ಮ ಕೈಲಾಗುವುದಿದೆ. ಕಿಟಕಿ ಮುಚ್ಚಿ, ಮಗುವನ್ನು ಮುಂದೆ ಕೂರಿಸಿ, ಹೆಸರು ಕರೆದು, ಮುಖ ಕಾಣುವಂತೆ ನಿಂತು ಮಾತಾಡಿ. ಗದ್ದಲದೊಳಗೆ ಯಾವ ದನಿ ತನ್ನದೆಂದು ಮಗುವಿಗೆ ಗೊತ್ತಾಗಲಿ.