ಕೇಳುಗರ ನೆನಪು ಎಂಬ ಆಕರ: ಪ್ರೊಗ್ರೆಸಿವ್ ರಾಕ್ ಕಚೇರಿಗಳು, 1969–1977

ಗತಕಾಲದ ಸಂಗೀತವನ್ನು ಕುರಿತು ಬರೆಯುವ ಚರಿತ್ರಕಾರನಿಗೆ ಧ್ವನಿಮುದ್ರಿಕೆಯೇ ಪ್ರಧಾನ ಆಕರವೆನಿಸುವುದು ಸಹಜ. ಆದರೆ 1969ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರೂಪುಗೊಂಡು ಮುಂದಿನ ಏಳೆಂಟು ವರ್ಷ ಪ್ರವರ್ಧಮಾನದಲ್ಲಿದ್ದ ಪ್ರೊಗ್ರೆಸಿವ್ ರಾಕ್ ಸಂಗೀತದ ಮಟ್ಟಿಗೆ ಈ ಆಕರವೊಂದೇ ಸಾಲದು. ಪಿಂಕ್ ಫ್ಲಾಯ್ಡ್, ಯೆಸ್, ಜೆನೆಸಿಸ್ ಮೊದಲಾದ ತಂಡಗಳ ದೀರ್ಘ ಕೃತಿಗಳು ಕೇಳುವ ಸಂಗೀತವಾಗಿದ್ದಂತೆಯೇ ನೋಡುವ ರಂಗಪ್ರಯೋಗಗಳೂ ಆಗಿದ್ದವು. ಅವುಗಳ ಚಿತ್ರೀಕರಣವಾದರೋ ತೀರ ವಿರಳ. ಆದ್ದರಿಂದ ಅಂದು ಹದಿಹರೆಯದಲ್ಲಿದ್ದು ಇಂದು ಎಪ್ಪತ್ತರ ಆಸುಪಾಸಿನಲ್ಲಿರುವ ಕೇಳುಗರ ನೆನಪನ್ನು ಅಭಿಮಾನಿಗಳ ಹರಟೆಯೆಂದು ಬದಿಗಿರಿಸುವಂತಿಲ್ಲ. ಆ ಪೀಳಿಗೆಯೊಡನೆ ಈ ಆಕರವೂ ಕರಗುತ್ತಿದೆ.

ಈ ಕೇಳುಗರು ಯಾರು? ಬಹುಮಟ್ಟಿಗೆ ವಿದ್ಯಾರ್ಥಿಗಳು. ಚರಿಸ್ಮಾ ಎಂಬ ಮುದ್ರಿಕಾ ಸಂಸ್ಥೆಯು 1971ರ ಜನವರಿಯಲ್ಲಿ ಲಿಂಡಿಸ್‌ಫಾರ್ನ್, ವ್ಯಾನ್ ಡರ್ ಗ್ರಾಫ್ ಜನರೇಟರ್ ಹಾಗೂ ಜೆನೆಸಿಸ್ ತಂಡಗಳನ್ನು ಒಟ್ಟಾಗಿ ಪ್ರವಾಸ ಕಳುಹಿಸಿದಾಗ ಪ್ರವೇಶದರ ಆರು ಶಿಲಿಂಗ್ ಮಾತ್ರ. ಮರುತಿಂಗಳ 15ರಂದು ಜಾರಿಗೆ ಬಂದ ದಶಮಾಂಶ ನಾಣ್ಯಪದ್ಧತಿಯಲ್ಲಿ ಅದು 30 ಪೆನ್ನಿ. ವಿದ್ಯಾರ್ಥಿಯ ಕೈಗೆಟಕುವ ಈ ಬೆಲೆಯಿಲ್ಲದಿದ್ದರೆ, ಇನ್ನೂ ಹೆಸರು ಮಾಡದ ಜೆನೆಸಿಸ್‌ಗೆ ಊರೂರಿನಲ್ಲಿ ಕೇಳುಗರು ದೊರೆಯುತ್ತಿದ್ದರೇ ಎಂಬುದು ಸಂದೇಹ.

ನೆನಪನ್ನು ಆಕರವಾಗಿ ಸ್ವೀಕರಿಸುವಾಗ ಅದನ್ನು ಪರೀಕ್ಷಿಸಲೂ ಬೇಕಷ್ಟೆ. ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಇದಕ್ಕೆ ಉತ್ತಮ ನಿದರ್ಶನ. ಮುದ್ರಿಕೆ ಹೊರಬಂದದ್ದು 1973ರ ಮಾರ್ಚಿಯಲ್ಲಿ. ಆದರೆ ಕೃತಿಯನ್ನು ಅದಕ್ಕಿಂತ ಒಂದು ವರ್ಷಕ್ಕೂ ಮೊದಲೇ ವೇದಿಕೆಗೆ ತರಲಾಗಿತ್ತು. 1972ರ ಜನವರಿ 20ರಂದು ಬ್ರೈಟನ್ನಿನಲ್ಲಿ ತಾಂತ್ರಿಕ ದೋಷದಿಂದ ಪ್ರಯೋಗ ನಡುವೆಯೇ ನಿಂತಿತು. ಮರುದಿನ ಪೋರ್ಟ್ಸ್‌ಮತ್‌ನಲ್ಲಿ ಕೊನೆಮುಟ್ಟಿತು. ಅಂದಿನ ಕೇಳುಗರು ಕೇಳಿದ್ದು ಇಂದು ನಾವು ಬಲ್ಲ ಕೃತಿಯನ್ನಲ್ಲ. ಮುದ್ರಿಕೆಯಲ್ಲಿ ಸಿಂಥಸೈಜರಿನ ಓಟವಿರುವ ಭಾಗದಲ್ಲಿ ಆಗ ಗಿಟಾರ್ ಹಾಗೂ ಕೀಬೋರ್ಡಿನ ಮನೋಧರ್ಮದ ನುಡಿಕೆಯಿತ್ತು. ಕ್ಲೇರ್ ಟೋರಿಯವರ ಪದರಹಿತ ಆಲಾಪವಿರುವೆಡೆ ಆರ್ಗನ್ ನುಡಿಯುತ್ತಿತ್ತು, ಅದರ ಮೇಲೆ ಧಾರ್ಮಿಕ ವಾಚನದ ಧ್ವನಿಸುರುಳಿ. ಟೋರಿಯವರು ಹಾಡಿದ್ದು 1973ರ ಜನವರಿಯಲ್ಲಿ. ಆದುದರಿಂದ 1972ರ ಕಚೇರಿಯಲ್ಲಿ ಆ ಆಲಾಪವನ್ನು ಕೇಳಿ ಮೈಮರೆತೆನೆಂದು ಯಾರಾದರೂ ನುಡಿದರೆ, ಅವರು ಸುಳ್ಳಾಡುತ್ತಿದ್ದಾರೆಂದು ಭಾವಿಸಬೇಕಾಗಿಲ್ಲ. ನೂರಾರು ಬಾರಿ ಕೇಳಿದ ಮುದ್ರಿಕೆಯು ಒಂದೇ ಬಾರಿ ಕಂಡ ಕಚೇರಿಯನ್ನು ಮುಚ್ಚಿಬಿಟ್ಟಿದೆಯೆಂದು ತಿಳಿಯಬೇಕು. ಪ್ರತಿಯಾಗಿ, ಏನೋ ಉಪದೇಶದಂತಹ ಮಾತು ಕೇಳಿಬರುತ್ತಿತ್ತು ಎಂದು ಅರೆಮನಸ್ಸಿನಿಂದ ಹೇಳುವವರ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಯೆಸ್ ತಂಡದ ಕೇಳುಗರ ಪಾಡು ಇನ್ನೂ ಕಠಿಣವಾಗಿತ್ತು. ಪರಮಹಂಸ ಯೋಗಾನಂದರ ಆತ್ಮಚರಿತ್ರೆಯ ಅಡಿಟಿಪ್ಪಣಿಯೊಂದರಿಂದ ಪ್ರೇರಣೆ ಪಡೆದ, ಸುಮಾರು 80 ನಿಮಿಷಗಳ 'ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಶನ್ಸ್' ಕೃತಿಯನ್ನು 1973ರ ನವೆಂಬರಿನಲ್ಲಿ, ಮುದ್ರಿಕೆ ಅಂಗಡಿಗೆ ಬರುವ ಮೊದಲೇ ಅವರು ಕುಳಿತು ಕೇಳಬೇಕಾಯಿತು. ಮ್ಯಾಂಚೆಸ್ಟರಿನ ಕಚೇರಿಯಲ್ಲಿ ವೇದಿಕೆಯ ಮೇಲೆಯೇ ಕರಿ ತಿಂದೆನೆಂಬುದು ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರೇ ಹೇಳುತ್ತ ಬಂದ ಕಥೆ. ರಸವತ್ತಾದ ಕಥೆಯೇ ಸರಿ, ಆದರೆ ಕಲಾವಿದನ ಬೇಸರವನ್ನು ಕೇಳುಗರ ಬೇಸರವೆಂದು ವಿಮರ್ಶಕರು ಓದಿಕೊಂಡದ್ದು ನ್ಯಾಯವಲ್ಲ.

ಜೆನೆಸಿಸ್ ತಂಡದ 'ದಿ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ' ಪ್ರಯೋಗದಲ್ಲಿ (1974–75) ಸಮಸ್ಯೆ ಬೇರೊಂದು ಬಗೆಯದು. ಮೂರು ತೆರೆಗಳ ಮೇಲೆ ಸಾವಿರಕ್ಕೂ ಮಿಕ್ಕ ಸ್ಲೈಡುಗಳು, ಪೀಟರ್ ಗೇಬ್ರಿಯಲ್ ಅವರ ವಿಕಾರ ವೇಷಗಳು. ಇದರ ಪೂರ್ಣ ಚಿತ್ರೀಕರಣ ಲಭ್ಯವಿಲ್ಲ. ಲಾಸ್ ಏಂಜಲಿಸ್‌ನ 1975ರ ಜನವರಿಯ ಧ್ವನಿಮುದ್ರಣ 1998ರಲ್ಲಿ ಪ್ರಕಟವಾಯಿತಾದರೂ ಅದರಲ್ಲಿ ಗೇಬ್ರಿಯಲ್ ತಮ್ಮ ಗಾಯನದ ಭಾಗಗಳನ್ನು ಹೊಸದಾಗಿ ಹಾಡಿ ಸೇರಿಸಿದ್ದಾರೆ. ಉಬ್ಬುಗಂಟುಗಳ ವೇಷವೊಂದರೊಳಗೆ ಮೈಕ್ ಬಾಯಿಯ ಬಳಿ ಬರುವುದೇ ದುಸ್ತರವಾಗಿತ್ತು. ಹಾಗಾದರೆ ಅಂದು ಹಾಡಿನ ಮಾತು ಸ್ಪಷ್ಟವಾಗಿ ಕೇಳಿಸಲಿಲ್ಲವೆನ್ನುವ ಕೇಳುಗನ ನೆನಪು, ಅಧಿಕೃತವೆನಿಸಿದ ಮುದ್ರಣಕ್ಕಿಂತ ಹೆಚ್ಚು ಪ್ರಾಮಾಣಿಕವಾದ ಆಕರವಾಗುತ್ತದೆ! ಮುಂದೆ ಮಾಂಟ್ರಿಯಲ್‌ನ 'ದಿ ಮ್ಯೂಸಿಕಲ್ ಬಾಕ್ಸ್' ತಂಡ ಮೂಲ ಸ್ಲೈಡುಗಳನ್ನೇ ಬಳಸಿ ಈ ಪ್ರಯೋಗವನ್ನು ಪುನಃ ಕಟ್ಟಿತು. ಎರಡನ್ನೂ ಕಂಡವರ ನೆನಪಿನಲ್ಲಿ ಯಾವುದು ಯಾವುದರಿಂದ ಬಂತೆಂದು ಬೇರ್ಪಡಿಸುವುದು ಸುಲಭದ ಕೆಲಸವಲ್ಲ.

ಕನ್ನಡನಾಡಿನ ಕೇಳುಗರಿಗೆ ಈ ಸಂಗೀತ ಬಹುಕಾಲ ಮುದ್ರಿಕೆ, ಕ್ಯಾಸೆಟ್ಟುಗಳ ಮೂಲಕವೇ ದೊರೆತದ್ದು. 2002ರ ಏಪ್ರಿಲಿನಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಕ್ರಮ ತಿರುಗಿತ್ತು: ಇಲ್ಲಿ ಮುದ್ರಿಕೆಯ ನೆನಪು ಮೊದಲು, ಕಚೇರಿ ಆಮೇಲೆ. ಅಂದು ಅಲ್ಲಿದ್ದವರ ಅನುಭವಗಳನ್ನೂ ಮರೆಯುವ ಮುನ್ನ ದಾಖಲಿಸಿಕೊಂಡರೆ, ಪೋರ್ಟ್ಸ್‌ಮತ್‌ನವರ ನೆನಪಿನೊಡನೆ ಇಟ್ಟು ಹೋಲಿಸಿ ನೋಡಬಹುದು.